ಅಪ್ಪ ಹಿಡಿದ ಬಗ್

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಪ್ಪ ಶಿವಮೊಗ್ಗದಿಂದ ಫೋನ್ ಮಾಡಿದರು. ತಿಂಡಿ ಆಯ್ತಾ, ಮಳೆ ಇದೆಯಾ, ಅದೇನೂ ಇಲ್ಲ. "ಏನೋ ಇದು, ನಿನ್ನ ಬ್ಲಾಗಲ್ಲಿ ಸಕಾರ ಒಂದು ಕಡೆ, ನಕಾರ ಒಂದು ಕಡೆ ಬಿದ್ದಿದೆ?"

ಅಜ್ಜಿ ಮನೆಯ ಬಚ್ಚಲ ಹಂಡೆಯ ಬಗ್ಗೆ ಹಿಂದಿನ ರಾತ್ರಿ ಬರೆದಿದ್ದೆ. ಮೊದಲ ಪದ 'ಸ್ನಾನ'. ಹಳೇ ಪತ್ರಿಕೆಗಳಲ್ಲಿ ಇರುತ್ತಲ್ಲ, ಹಾಗೆ ಮೊದಲ ಅಕ್ಷರ ದೊಡ್ಡದಾಗಿ, ಕೆಂಪಾಗಿ ಕಾಣಲಿ ಅಂತ ಒಂದು ಸಾಲು ಸ್ಟೈಲ್ ಸೇರಿಸಿದ್ದೆ. ತೆಗೆದು ನೋಡಿದರೆ ದೊಡ್ಡ ಕೆಂಪು 'ಸ್', ಪಕ್ಕದಲ್ಲಿ ಸಣ್ಣ ಕಪ್ಪು 'ನಾನ'. ಸ್ನಾನ ಹೋಗಿ ನಾನಾಗಿತ್ತು.

ಇದರಲ್ಲಿ ನಾಚಿಕೆ ಏನಪ್ಪಾ ಅಂದರೆ, ನನ್ನ ಹೊಟ್ಟೆಪಾಡೇ ಇದು. ನಾನು ಬ್ರೌಸರ್ ಮಾಡುವ ಕೆಲಸದಲ್ಲಿದ್ದೇನೆ. ಮದುವೆ ಮನೆಗಳಲ್ಲಿ ಇದನ್ನು ಹೇಳಿದರೆ, "ಅದು ಆಗಲೇ ಇದೆಯಲ್ಲ, ಇನ್ನೇನು ಮಾಡ್ತೀರಿ?" ಅಂತ ಕೇಳುತ್ತಾರೆ. ಪುಟದ ಮೇಲೆ ಅಕ್ಷರ ಎಲ್ಲಿ ಕೂರಬೇಕು, ಸಾಲು ಎಲ್ಲಿ ಮುರಿಯಬೇಕು, ಬಾಣದ ಕೀ ಒತ್ತಿದರೆ ಕರ್ಸರ್ ಎಷ್ಟು ದೂರ ಹಾರಬೇಕು, ಇದೇ ನನ್ನ ದಿನ. ಸರಿಯಾಗಿದ್ದರೆ ಯಾರಿಗೂ ಕಾಣದ ಕೆಲಸ.

ಬ್ಲಾಗ್ ಶುರುವಾಗಿದ್ದೂ ಇದೇ ಕೆಲಸದಿಂದ. ಬ್ರೌಸರ್‌ನ ಕೋಡ್ ಪೂರ್ತಿ ಬಿಲ್ಡ್ ಆಗೋಕೆ, ಅಂದರೆ ಓಡುವ ಪ್ರೋಗ್ರಾಂ ಆಗೋಕೆ, ನನ್ನ ಹಳೇ ಲ್ಯಾಪ್‌ಟಾಪಲ್ಲಿ ಎರಡೂವರೆ ಗಂಟೆ ಬೇಕಿತ್ತು. ಫ್ಯಾನ್ ವಿಮಾನದ ಥರ ಕೂಗುತ್ತಿತ್ತು, ಬೇರೇನೂ ಮಾಡೋಕಾಗುತ್ತಿರಲಿಲ್ಲ. ಸುಮ್ನೆ ಕೂತು ಫೋನಲ್ಲಿ ಬರೆಯತೊಡಗಿದೆ. ಈಗ ಆಫೀಸಿನ ದೊಡ್ಡ ಮಷೀನಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ನನ್ನ ಬರಹಗಳು ಈಚೆಗೆ ಚಿಕ್ಕದಾಗಿವೆ ಅಂತ ಬೇಜಾರು ಮಾಡಿಕೊಂಡವರಿಗೆ ಕಾರಣ ಇಷ್ಟೇ.

ಅಪ್ಪನ ವಿಷಯಕ್ಕೆ ಬರ್ತೀನಿ. ಅವರು ಮೂವತ್ತು ವರ್ಷ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರುವ ಅಕ್ಷರವನ್ನು ನನಗಿಂತ ಬೇಗ ಓದುತ್ತಾರೆ. ಅವರಿಗೆ ಸಮಾಧಾನ ಹೇಳೋಣ ಅಂತ, "ಕಂಪ್ಯೂಟರ್ ಒಳಗೆ ಸ್ನಾ ಅನ್ನೋದು ನಾಲ್ಕು ತುಂಡು ಅಪ್ಪ. ಸ, ಅರ್ಧ ಮಾಡುವ ಗುರುತು, ನ, ದೀರ್ಘ" ಅಂದೆ.

"ನಮ್ಮ ಮೊಳೆ ಇಡೋ ಕೇಸಲ್ಲೂ ಒತ್ತಿಗೆ ಬೇರೆ ಮೊಳೆ ಇತ್ತು ಕಣೋ. ಅಂತ ನಾವೇನು ಸಕಾರ ಈ ಸಾಲಿಗೆ, ಒತ್ತು ಆ ಸಾಲಿಗೆ ಹಾಕ್ತಿದ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದದ್ದು ಬರೀ ಸಬೂಬು. ಯಾವುದನ್ನು ಒಂದು ಅಕ್ಷರ ಅಂತ ಲೆಕ್ಕ ಹಾಕಬೇಕು ಅನ್ನೋದಕ್ಕೆ, ಎಲ್ಲ ಲಿಪಿಗಳನ್ನೂ ಕಂಪ್ಯೂಟರಲ್ಲಿ ಬರೆಯುವ ಮಾನದಂಡವಾದ ಯುನಿಕೋಡ್‌ನಲ್ಲಿ ಒಂದು ನಿಯಮಾವಳಿ ಇದೆ. ಅದರ ಪ್ರಕಾರ ಅರ್ಧಾಕ್ಷರದ ಗುರುತು ಬಂದ ಮೇಲೆ ಅಲ್ಲಿಗೆ ಕತ್ತರಿ. 2023ರಲ್ಲಿ, 15.1ನೇ ಆವೃತ್ತಿಯಲ್ಲಿ, ವ್ಯಂಜನ, ಗುರುತು, ಮತ್ತೆ ವ್ಯಂಜನ ಬಂದರೆ ಮಧ್ಯೆ ಕತ್ತರಿಸಬೇಡಿ ಅಂತ ಹೊಸ ನಿಯಮ ಸೇರಿತು. ಅದು ಅನ್ವಯಿಸುವ ಲಿಪಿಗಳು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ! ತೆಲುಗು ಒಳಗೆ, ಕನ್ನಡ ಹೊರಗೆ. ಎರಡೂ ಒಂದೇ ತಾಯಿಯ ಮಕ್ಕಳಂಥ ಲಿಪಿಗಳು. ಪಟ್ಟಿಯನ್ನು ನಾನು ಮೂರು ಸಲ ಓದಿದ್ದೆ.

ಹಾಗಂತ ಬ್ರೌಸರ್ ಕೈ ಕಟ್ಟಿ ಕೂರಬೇಕಿಲ್ಲ. ತನ್ನ ಮಟ್ಟಿಗೆ ಆ ನಿಯಮದ ಮೇಲೆ ಇನ್ನೊಂದನ್ನು ಸೇರಿಸಿಕೊಳ್ಳಬಹುದು. ಹಿಂದೊಮ್ಮೆ ನಾನು ಅದನ್ನೇ ಮಾಡಲು ಹೋಗಿದ್ದೆ. ಹುರುಪು ಜಾಸ್ತಿ ಇತ್ತು. ಕನ್ನಡ ಒಂದೇ ಯಾಕೆ, ಭಾರತದ ಎಲ್ಲ ಲಿಪಿಗಳಿಗೂ ಅನ್ವಯಿಸಲಿ ಅಂತ ಒಂದೇ ಏಟಿಗೆ ಬರೆದೆ. ರಾತ್ರಿ ಹನ್ನೊಂದಕ್ಕೆ ಆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬ್ರೌಸರ್ ಒಳಗೆ ಹೋಯಿತು, ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅದನ್ನು ಕಿತ್ತು ಹೊರಗೆ ಹಾಕಿದ್ದರು. ತಮಿಳು ಸರಿ ಇದೆಯಾ ಅಂತ ನೋಡುವ ಟೆಸ್ಟುಗಳೆಲ್ಲ ಫೇಲಾಗಿದ್ದವು.

ಟೀಮಿನಲ್ಲಿ ಮಧುರೈ ಕಡೆಯವರೊಬ್ಬರಿದ್ದಾರೆ. ಅವರು ಕೋಪ ಮಾಡಿಕೊಳ್ಳಲಿಲ್ಲ. 'ಅಮ್ಮಾ' ಅಂತ ಎರಡೂ ಲಿಪಿಯಲ್ಲಿ ಬೋರ್ಡ್ ಮೇಲೆ ಬರೆದರು. ನಮ್ಮದರಲ್ಲಿ ಎರಡನೇ ಮಕಾರ ಮೊದಲನೆಯದರ ಕೆಳಗೆ ಒತ್ತಾಗಿ ಕೂತಿದೆ. ಅವರದರಲ್ಲಿ ತಲೆಯ ಮೇಲೆ ಚುಕ್ಕಿ ಇಟ್ಟುಕೊಂಡ ಒಂದು ಮ್, ಅದರ ಪಕ್ಕದಲ್ಲಿ ಮಾ, ಬೇರೆ ಬೇರೆಯಾಗಿ. ಆ ಚುಕ್ಕಿಗೆ ಪುಳ್ಳಿ ಅಂತಾರೆ. "ನಮ್ಮ ಪುಳ್ಳಿ ಒತ್ತಲ್ಲ ಸಾರ್," ಅಂದರು ನಗುತ್ತಾ. ನನ್ನ ನಿಯಮದಿಂದ ತಮಿಳು ಬರೆಯುವವರ ಕರ್ಸರ್ ಒಂದು ಸಲಕ್ಕೆ ಎರಡು ಅಕ್ಷರ ಹಾರುತ್ತಿತ್ತು. ಕನ್ನಡಿಗನೊಬ್ಬ ಕನ್ನಡಕ್ಕೆ ಸರಿಯಾದದ್ದು ಎಲ್ಲರಿಗೂ ಸರಿ ಅಂದುಕೊಂಡಿದ್ದ, ಅಷ್ಟೇ. ಇಂಗ್ಲಿಷ್‌ನವರು ನಮಗೆ ಮಾಡಿದ್ದೂ ಇದೇ ಅಲ್ವಾ?

ಆಮೇಲೆ ಬೇರೆ ಕೆಲಸಗಳು ಬಂದವು. ಆ ಪ್ಯಾಚ್ ಮೂಲೆ ಸೇರಿತು. ನಾನು ಮರೆತೇ ಬಿಟ್ಟಿದ್ದೆ, ಅಪ್ಪನ ಫೋನ್ ಬರುವ ತನಕ.

ಅವತ್ತು ಸಂಜೆ ಎರಡು ಕೆಲಸ ಮಾಡಿದೆ. ಮೊದಲು ಬ್ಲಾಗಿಗೆ ತೇಪೆ. ಮೊದಲ ವ್ಯಂಜನ, ಅದಕ್ಕೆ ಅಂಟಿದ ಒತ್ತುಗಳು, ಕೊನೆಗೆ ಸ್ವರದ ಗುರುತು, ಇಷ್ಟನ್ನೂ ಒಟ್ಟಿಗೆ ಹಿಡಿದು ದೊಡ್ಡದು ಮಾಡುವ ಎಂಟು ಸಾಲು ಕೋಡ್. 'ಸ್ತ್ರೀ' ಹಾಕಿ ನೋಡಿದೆ, ಎರಡು ಒತ್ತೂ ಕೂತವು. ಕೂತವು, ಆದರೆ ಕೆಳಗಿನ ರಕಾರದ ಬಾಲ ಮುಂದಿನ ಸಾಲಿನ ನೆತ್ತಿಗೆ ತಾಗುತ್ತಿತ್ತು. ಸಾಲುಗಳ ನಡುವಿನ ಜಾಗ ಹೆಚ್ಚಿಸಿದೆ. ಇಂಗ್ಲಿಷ್ ಅಳತೆಯ ಟೆಂಪ್ಲೇಟ್‌ಗಳಲ್ಲಿ ಕನ್ನಡದ ಒತ್ತಿಗೆ ಕಾಲು ಚಾಚಲು ಜಾಗವೇ ಇರೋದಿಲ್ಲ. ಎಷ್ಟೋ ಬಟನ್‌ಗಳಲ್ಲಿ ಒತ್ತಿನ ಅರ್ಧ ಕತ್ತರಿಸಿ ಹೋಗಿರುತ್ತೆ, ನೋಡಿರ್ತೀರಿ.

ಎರಡನೆಯದು, ಆ ಹಳೇ ಪ್ಯಾಚನ್ನು ಹುಡುಕಿ ತೆಗೆದೆ. ಈ ಸಲ ಕನ್ನಡಕ್ಕೆ ಮಾತ್ರ. ಜೊತೆಗೆ ಟೆಸ್ಟುಗಳು: ಸ್ನಾನ, ಸ್ತ್ರೀ, ಲಕ್ಷ್ಮಿ, ರಾಷ್ಟ್ರ. ತಮಿಳು ಹಾಳಾಗಿಲ್ಲ ಅಂತ ತೋರಿಸಲು ಒಂದು ತಮಿಳಿನ ಅಮ್ಮಾ. ಅದನ್ನು ಮಧುರೈ ಸಹೋದ್ಯೋಗಿಯಿಂದಲೇ ಟೈಪ್ ಮಾಡಿಸಿದೆ. ರಿವ್ಯೂ ಇನ್ನೂ ನಡೀತಿದೆ. ಒಳಗೆ ಹೋದರೂ ನಿಮ್ಮ ಫೋನ್ ತಲುಪೋಕೆ ಕೆಲವು ವಾರ ಬೇಕು. ಬೇರೆ ಬ್ರೌಸರ್‌ಗಳ ಕಥೆ ಬೇರೆ. ಅಲ್ಲಿಯವರೆಗೆ ಆ ಎಂಟು ಸಾಲು ಬ್ಲಾಗಲ್ಲೇ ಇರುತ್ತೆ, ಬೇಕಾದವರು ಕದ್ದುಕೊಳ್ಳಿ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಈಗ ನೋಡಿ ಅಂದೆ. ಕನ್ನಡಕ ಹುಡುಕಿ, ಪುಟ ತೆರೆದು, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸ್ನಾ ಸರಿಯಾಗಿದೆ. ಮೂರನೇ ಸಾಲಲ್ಲಿ 'ವಿಷೇಶ' ಅಂತ ಬರೆದಿದ್ದೀಯಲ್ಲೋ."