ಖಾಲಿ ಚೀಲದ ನವೆ

4 ಮೇ 2024, ಶನಿವಾರ
ಟುವೂಂಬಾ, ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ

ಎಡಗೈ ಕೆರೆದುಕೊಳ್ಳಬಾರದೆಂದು ಬೆಳಗ್ಗೆಯಿಂದ ಬಲಗೈಗೆ ಏನಾದರೊಂದು ಕೆಲಸ ಕೊಡುತ್ತಲೇ ಇದ್ದೇನೆ. ಸದ್ಯಕ್ಕೆ ಈ ಬರವಣಿಗೆ.

ತಪ್ಪು ನನ್ನದೇ. ಬೇಲಿ ಪಕ್ಕದ ವಾಟಲ್ ಮರದ ಬುಡದಲ್ಲಿ ಕಂದು ಬಣ್ಣದ್ದೇನೋ ಅಂಟಿಕೊಂಡಿತ್ತು. ಹಳೇ ಗೋಣಿಚೂರು ಅಂದುಕೊಂಡು ಬರಿಗೈಯಲ್ಲಿ ಎಳೆದೆ, ಪರ್ರನೆ ಹರಿಯಿತು. ಕಂಬಳಿಹುಳಗಳು ನೇಯ್ದ ರೇಷ್ಮೆಯ ಚೀಲ! ಒಳಗೆ ಒಣಗಿದ ಹಿಕ್ಕೆ, ಕಳಚಿದ ಪೊರೆ, ಧೂಳಿನಂಥ ಕೂದಲು. ಹುಳ ಒಂದೂ ಇಲ್ಲ. ಹತ್ತು ನಿಮಿಷಕ್ಕೆ ಮೊಣಕೈವರೆಗೆ ದದ್ದು. ಚಿಕ್ಕಂದಿನಲ್ಲಿ ನಸುಗುನ್ನಿ ಕಾಯಿ ಮುಟ್ಟಿ ಕುಣಿದಿದ್ದೆ. ಅದೇ ಕುಣಿತ, ನಲವತ್ತೈದನೇ ವಯಸ್ಸಿನಲ್ಲಿ.

ಹುಳಗಳು ಸಿಕ್ಕಿದ್ದು ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿಕೊಂಡು, ಮದುವೆ ದಿಬ್ಬಣದ ಹಾಗೆ, ನಲವತ್ತೇಳು. ಮೈತುಂಬ ಉದ್ದ ಬಿಳಿಗೂದಲು. ಇಲ್ಲಿ ಈಗ ಶರತ್ಕಾಲ, ಮಣ್ಣಿಗಿಳಿದು ಕೋಶ ಕಟ್ಟುವ ಹೊತ್ತು. ಅದಕ್ಕೇ ಚೀಲ ಖಾಲಿ. ಪತಂಗವಾದ ಮೇಲೆ ಇವು ಏನೂ ತಿನ್ನುವುದಿಲ್ಲ, ಬದುಕುವುದೂ ಕೆಲವೇ ದಿನ. ಹೆಣ್ಣು ತನ್ನ ಬಾಲದ ತುದಿಯ ಕೂದಲುಗಳನ್ನೇ ಮೊಟ್ಟೆಗೆ ಹೊದಿಸುತ್ತದಂತೆ.

ಇದರ ವೈಜ್ಞಾನಿಕ ಹೆಸರು ಓಕ್ರೋಗ್ಯಾಸ್ಟರ್ ಲ್ಯೂನಿಫರ್. ಪಕ್ಕದ ಮನೆಯಾಕೆ ಮಾತ್ರ ಒಂದೇ ಮಾತಲ್ಲಿ 'ಇಚಿ ಗ್ರಬ್', ಅಂದರೆ ನವೆ ಹುಳ, ಎಂದು ಮುಗಿಸಿದಳು. ಅವಳ ಬಳಿ ಎರಡು ಹೆಣ್ಣು ಕುದುರೆಗಳಿವೆ, ನಗು ಬರಲಿಲ್ಲ ಅವಳಿಗೆ. 2004ರಲ್ಲಿ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ ಹಂಟರ್ ಕಣಿವೆಯಲ್ಲಿ ಗಬ್ಬದ ಕುದುರೆಗಳು ಕಂದು ಹಾಕಿದ್ದರ ಹಿಂದೆ ಇದೇ ಹುಳ ಇತ್ತು. ಹುಲ್ಲಿನ ಜೊತೆ ಹೊಟ್ಟೆಗೆ ಹೋದ ಕೂದಲು ಕರುಳು ಚುಚ್ಚಿ, ಬ್ಯಾಕ್ಟೀರಿಯಾವನ್ನೂ ಒಳಗೆ ಒಯ್ಯುತ್ತದೆ. ಪೂರ್ತಿ ಬೆಳೆದ ಒಂದು ಹುಳದ ಮೈಯಲ್ಲಿ ಅಂಥ ಕೂದಲು 20 ಲಕ್ಷದಷ್ಟು! ನನ್ನ ಕೈಗೆ ಎಷ್ಟು ಲಕ್ಷ ಬಂದವೋ.

ವಾಟಲ್ ಎಂದರೆ ಅಕೇಶಿಯಾದ ಬಳಗವೇ. ನಮ್ಮ ಮಲೆನಾಡಿನ ಸಾಗರದ ಕಡೆ ಗುಡ್ಡಗಟ್ಟಲೆ ನೆಟ್ಟ ಅಕೇಶಿಯಾ ಹೋದದ್ದು ಈ ದೇಶದಿಂದ. ಮರ ಅಲ್ಲಿಗೆ ಹೋಯಿತು, ಹುಳ ಇಲ್ಲೇ ಉಳಿಯಿತು, ನಾನು ಹುಳ ಇರುವಲ್ಲಿಗೆ ಬಂದೆ.

ಸಂಜೆ ವಿಡಿಯೋದಲ್ಲಿ ಅಮ್ಮನಿಗೆ ಕೈ ತೋರಿಸಿದೆ.

"ಕಂಬಳಿ ತಗೊಂಡು ಚೆನ್ನಾಗಿ ಉಜ್ಜೋ."

"ಉಜ್ಜಿದರೆ ಇನ್ನೂ ಒಳಗೆ ಹೋಗ್ತವಮ್ಮ. ಅಂಟು ಟೇಪ್ ಒತ್ತಿ ಕಿತ್ತಿದೀನಿ."

"ಹಾಗಾದ್ರೆ ವಿಭೂತಿನಾದ್ರೂ ಹಚ್ಚು."

ಹಚ್ಚಿದೆ. ಅಂಗಿಯನ್ನು ಬೇರೆ ಬಕೆಟ್‌ನಲ್ಲಿ ನೆನೆಹಾಕಿದ್ದೇನೆ. ಅದನ್ನು ಹಿಂಡುವ ಧೈರ್ಯ ಇನ್ನೂ ಬಂದಿಲ್ಲ.