ಕೈಚೀಲದಲ್ಲಿದ್ದ ಕಾಗದ

2009ರ ಆಗಸ್ಟ್ 6ರ ಸಂಜೆ ಮಿಷಿಗನ್ ರಾಜ್ಯದ ರೋಮ್ಯುಲಸ್‌ಗೆ ನಾನು ಹೋದದ್ದು ಒಂದೇ ಒಂದು ಪ್ರಶ್ನೆ ಕೇಳಲು. ಕಾಯಿಲೆಯಿದೆ ಎಂಬ ಕಾರಣಕ್ಕೆ ವಿಮಾ ಕಂಪನಿಗಳು ಯಾರಿಗೂ ವಿಮೆ ನಿರಾಕರಿಸದಂತೆ ತಡೆಯುವ ಆರೋಗ್ಯ ಮಸೂದೆಯ ಬಗ್ಗೆ ನಮ್ಮ ಸಂಸದ ಜಾನ್ ಡಿಂಗಲ್ ಅಲ್ಲಿ ಜನರ ಸಭೆ ಕರೆದಿದ್ದರು. ನನ್ನ ಕೈಚೀಲದಲ್ಲಿ ವಿಮಾ ಕಂಪನಿಯೊಂದರ ಕಾಗದವಿತ್ತು. ನನ್ನ ಹತ್ತು ವರ್ಷದ ಮಗನಿಗೆ ಟೈಪ್ 1 ಮಧುಮೇಹವಿರುವ ಕಾರಣ ವಿಮೆ ಕೊಡಲಾಗದು ಎಂದು ಮೂರೇ ಸಾಲಿನಲ್ಲಿ ಬರೆದಿದ್ದರು.

ಪತಿಯ ಕೆಲಸ ಆ ಫೆಬ್ರುವರಿಯಲ್ಲಿ ಹೋಗಿತ್ತು. ಅಮೆರಿಕದಲ್ಲಿ ಕೆಲಸದ ಬೆನ್ನಿಗೇ ವಿಮೆಯೂ ಹೋಗುತ್ತದೆ. ಹಳೆಯ ಕಂಪನಿಯ ವಿಮೆಯನ್ನು ಹದಿನೆಂಟು ತಿಂಗಳು ಉಳಿಸಿಕೊಳ್ಳಬಹುದು, ಆದರೆ ಕಂಪನಿಯ ಪಾಲಿನ ಕಂತನ್ನೂ ನಾವೇ ಕಟ್ಟಬೇಕು. ಆರ್ಥಿಕ ಕುಸಿತದ ವರ್ಷವಾದ್ದರಿಂದ ಮೊದಲ ಕೆಲವು ತಿಂಗಳು ಸರ್ಕಾರ ಶೇ 65ರಷ್ಟನ್ನು ಭರಿಸಿತು. ಹದಿನೆಂಟು ತಿಂಗಳು ಮುಗಿದ ಮೇಲೇನು? ಇನ್ಸುಲಿನ್ ಒಂದು ದಿನವೂ ತಪ್ಪುವಂತಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ತಿಂಗಳುಗಳನ್ನು ಎಣಿಸುತ್ತಿದ್ದೆ.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. 83 ವರ್ಷದ ಡಿಂಗಲ್ ಬಾಯಿ ತೆರೆಯುವುದೇ ತಡ, ಕೂಗು ಎದ್ದಿತು. ಅಂಗವಿಕಲ ಮಗನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮುಂದಕ್ಕೆ ಬಂದ ತಂದೆಯೊಬ್ಬರು, ಈ ಮಸೂದೆ ಬಂದರೆ ತನ್ನ ಮಗನಿಗೆ ಚಿಕಿತ್ಸೆಯೇ ಸಿಗುವುದಿಲ್ಲವೆಂದು ಸಂಸದರ ಎದುರೇ ಅಬ್ಬರಿಸಿದರು. ಅವರ ಮಾತನ್ನು ನಾನು ಒಪ್ಪಲಿಲ್ಲ. ಆದರೆ ಅವರ ಭಯ ನನಗೆ ಚೆನ್ನಾಗಿ ಗೊತ್ತಿತ್ತು, ಅದೇ ಭಯ ಮಡಚಿ ನನ್ನ ಚೀಲದಲ್ಲಿತ್ತು. ಒಂದೇ ಸಂಕಟ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿತ್ತಲ್ಲ ಎಂದು ಇವತ್ತಿಗೂ ನೋವಾಗುತ್ತದೆ. ಆ ಗದ್ದಲದಲ್ಲಿ ನನ್ನ ಸರದಿ ಬರಲಿಲ್ಲ. ಕೇಳದೆಯೇ ಮನೆಗೆ ಬಂದೆ.

ಡಿಂಗಲ್ ಅಂಥ ಕೂಗಿಗೆ ಹಿಂದೆ ಸರಿಯುವವರಾಗಿರಲಿಲ್ಲ. ಅದೇ ಹೆಸರಿನ ಅವರ ತಂದೆ 1943ರಲ್ಲೇ ಇಬ್ಬರು ಸೆನೆಟರುಗಳ ಜೊತೆ ಸೇರಿ ರಾಷ್ಟ್ರೀಯ ಆರೋಗ್ಯ ವಿಮೆಯ ಮಸೂದೆ ತಂದಿದ್ದರು. ಅದು ಗೆಲ್ಲಲಿಲ್ಲ. 1955ರಲ್ಲಿ ತಂದೆ ತೀರಿಕೊಂಡ ಮೇಲೆ ಅದೇ ಸ್ಥಾನಕ್ಕೆ ಆರಿಸಿ ಬಂದ ಮಗ, ಆ ಮಸೂದೆಯನ್ನು ಅವಧಿಯಿಂದ ಅವಧಿಗೆ ಮತ್ತೆ ಮತ್ತೆ ಮಂಡಿಸುತ್ತ ಬಂದರು. ಚಿಕಿತ್ಸೆ ಎಂಬುದು ಹಕ್ಕು, ಉಳ್ಳವರ ಸವಲತ್ತಲ್ಲ ಎಂಬ ನಿಲುವನ್ನು ಅರ್ಧ ಶತಮಾನ ಬಿಡಲಿಲ್ಲ. ಸೋಲುತ್ತದೆಂದು ಗೊತ್ತಿದ್ದೂ ಒಂದೇ ಕಾಗದವನ್ನು ಅಷ್ಟು ವರ್ಷ ಮೇಜಿನ ಮೇಲಿಡಲು ಎಂಥ ತಾಳ್ಮೆ ಬೇಕು! ರಾಜಕಾರಣಿಗಳಲ್ಲಿ ನಾನು ಮನಸಾರೆ ಗೌರವಿಸುವ ಗುಣ ಅದೊಂದೇ.

2010ರ ಮಾರ್ಚ್ 21, ಭಾನುವಾರ. ಸಂಸತ್ತಿನ ಕೆಳಮನೆಯಲ್ಲಿ ಆ ಆರೋಗ್ಯ ಮಸೂದೆಯ ಮತದಾನ. ಮಗನ ರಕ್ತದ ಸಕ್ಕರೆ ನೋಡಿ, ಅವನನ್ನು ಮಲಗಿಸಿ, ನಾವಿಬ್ಬರೂ ಟಿವಿಯ ಮುಂದೆ ಕುಳಿತೆವು. ಸಭಾಧ್ಯಕ್ಷೆ ನ್ಯಾನ್ಸಿ ಪೆಲೋಸಿ ಕೈಯಲ್ಲಿ ಮರದ ಸುತ್ತಿಗೆಯೊಂದಿತ್ತು. 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಮಸೂದೆ ಅಂಗೀಕಾರವಾದಾಗ ಅಧ್ಯಕ್ಷ ಪೀಠದಲ್ಲಿದ್ದ ಡಿಂಗಲ್ ಬಳಸಿದ್ದ ಸುತ್ತಿಗೆ ಅದು. ಆ ದಿನಕ್ಕಾಗಿ ಅವರೇ ಕೊಟ್ಟಿದ್ದರು. ಪರ 219, ವಿರುದ್ಧ 212. ಸುತ್ತಿಗೆ ಬಡಿದ ಸದ್ದಿಗೆ ಪತಿ ಏನೂ ಹೇಳದೆ ಎದ್ದು ಹೋಗಿ ಮಗನ ಕೋಣೆಯ ಬಾಗಿಲಲ್ಲಿ ನಿಂತರು.

ಆ ಬೇಸಿಗೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು, 2013ರಲ್ಲಿ ಅದೂ ಹೋಯಿತು. ಆ ಡಿಸೆಂಬರಿನಲ್ಲಿ ಹೊಸ ಕಾಯಿದೆಯ ಪ್ರಕಾರ ವಿಮೆಗೆ ಅರ್ಜಿ ತುಂಬಲು ಕಂಪ್ಯೂಟರಿನ ಮುಂದೆ ಕುಳಿತೆ. ಮಗನ ವೈದ್ಯಕೀಯ ದಾಖಲೆಗಳ ಕಟ್ಟನ್ನೆಲ್ಲ ಪಕ್ಕದಲ್ಲಿಟ್ಟುಕೊಂಡಿದ್ದೆ. ವಯಸ್ಸು ಕೇಳಿದರು, ವಿಳಾಸ ಕೇಳಿದರು, ಆದಾಯ ಕೇಳಿದರು, ತಂಬಾಕು ಸೇವಿಸುತ್ತೀರಾ ಎಂದೂ ಕೇಳಿದರು. ಕಾಯಿಲೆಯ ಪ್ರಶ್ನೆ ಮುಂದಿನ ಪುಟದಲ್ಲಿರಬಹುದೆಂದು ಒತ್ತುತ್ತ ಹೋದೆ. ಅರ್ಜಿ ಮುಗಿಯಿತು. ದಾಖಲೆಗಳ ಕಟ್ಟು ಬಿಚ್ಚಬೇಕಾಗಲೇ ಇಲ್ಲ.