ಸದ್ದು ಮಾಡದ ಚೆರಿ

ಹೋದ ಜನವರಿಯಲ್ಲಿ ಒಂದು ಫೋನ್ ಬಂತು. ಬೆಂಗಳೂರಿನ ಹುಡುಗ. ಸಣ್ಣದೊಂದು ಕಾಫಿ ಅಂಗಡಿ ಇಟ್ಟಿದ್ದಾನಂತೆ, ಬೀಜ ತಾನೇ ಹುರಿಯುತ್ತಾನಂತೆ. ಪರಿಚಯದವರೊಬ್ಬರು ನನ್ನ ನಂಬರ್ ಕೊಟ್ಟಿದ್ದರು.

"ಸರ್, ನಿಮ್ಮ ಹತ್ರ ರೊಬಸ್ಟಾ ಚೆರಿ ಇದೆಯಾ?"

"ಇದೆ. ಸದ್ಯಕ್ಕೆ ನಲವತ್ತು ಚೀಲ."

"ಫ್ರೆಶ್ ಅಲ್ವಾ?"

"ಈ ವರ್ಷದ್ದೇಪ್ಪ. ಹಳೇ ಸ್ಟಾಕ್ ಇಟ್ಕೊಳ್ಳೋ ಶಕ್ತಿ ನಮಗೆಲ್ಲಿದೆ?"

"ಚೀಲ ಬೇಡ ಸರ್. ಕ್ರೇಟ್ ನಾನೇ ತರ್ತೀನಿ."

ಕ್ರೇಟ್ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಪೇಟೆ ಹುಡುಗರ ಹೊಸ ಖಯಾಲಿ ಇರಬೇಕು ಅಂದುಕೊಂಡು ಸುಮ್ಮನಾದೆ. ರೇಟು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. "ಜಾಸ್ತಿ ಆಯ್ತಲ್ವಾ ಸರ್?" ಅಂದ. ಮಾರ್ಕೆಟ್ ರೇಟು ಅಂದೆ. ಬಂದು ಮಾತಾಡೋಣ ಅಂತ ಫೋನ್ ಇಟ್ಟ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಐದೆಕರೆ ಕಾಫಿ ತೋಟ. ನಸುಕಿಗೇ ಬೆಂಗಳೂರು ಬಿಟ್ಟವನು ಹತ್ತೂವರೆಗೆ ಮನೆ ಮುಂದೆ ಬಂದು ನಿಂತ. ವ್ಯಾನಿನ ತುಂಬ ಖಾಲಿ ಪ್ಲಾಸ್ಟಿಕ್ ಕ್ರೇಟುಗಳು, ಟೊಮೆಟೊ ತುಂಬುತ್ತಾರಲ್ಲ, ಅಂಥವು. ಕಾಫಿ ಕುಡಿಸಿ ಕಣಕ್ಕೆ ಕರೆದುಕೊಂಡು ಹೋದೆ. ಕಣದ ತುಂಬ ಚೆರಿ ಹರಡಿತ್ತು. ಒಣಗಿದ್ದನ್ನು ಚೀಲಕ್ಕೆ ತುಂಬಿ ಒಂದು ಬದಿಗೆ ಅಟ್ಟಿ ಹಾಕಿದ್ದೆವು.

ಹುಡುಗ ಅತ್ತ ನೋಡಿದ, ಇತ್ತ ನೋಡಿದ. "ಸರ್, ಚೆರಿ ಎಲ್ಲಿ?"

"ನಿನ್ನ ಕಾಲಡಿಯಲ್ಲೇ ಇದೆಯಲ್ಲಪ್ಪ."

ಅವನು ಬಗ್ಗಿ ಒಂದನ್ನು ಎತ್ತಿಕೊಂಡ. ಕಪ್ಪಗೆ, ಸುಕ್ಕುಸುಕ್ಕಾಗಿ, ಆಡಿನ ಹಿಕ್ಕೆಯ ಹಾಗೆ ಇತ್ತು. ಅವನ ಮುಖ ನೋಡಿದ ಮೇಲೆ ನನಗೂ ಏನೋ ಎಡವಟ್ಟಾಗಿದೆ ಅಂತ ಹೊಳೆಯಿತು.

ವಿಷಯ ಇಷ್ಟೇ. ಅವನ ಲೆಕ್ಕದಲ್ಲಿ ಚೆರಿ ಅಂದರೆ ಗಿಡದಲ್ಲಿರುವ ಕೆಂಪು ಹಣ್ಣು. ಹಣ್ಣು ಒಯ್ದು, ಹುಳಿ ಬರಿಸಿ, ಅವನದೇ ರೀತಿಯಲ್ಲಿ ಒಣಗಿಸುವ ಯೋಚನೆ. ನಮ್ಮ ಲೆಕ್ಕದಲ್ಲಿ ಚೆರಿ ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ ಒಣಗಿಸಿದ ಕಾಫಿ. ಪಲ್ಪರಿಗೆ ಕೊಟ್ಟು ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಪೇಪರಿನ ಮಾರುಕಟ್ಟೆ ಧಾರಣೆಯಲ್ಲೂ ಹೀಗೇ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ. ನಾವು ಚೆರಿ ಅನ್ನುವುದನ್ನು ಹೊರಗಿನವರು ನ್ಯಾಚುರಲ್ ಅನ್ನುತ್ತಾರೆ ಅಂತ ಹುಡುಗ ಹೇಳಿದ. ಪದ ಒಂದೇ. ಅವನ ಚೆರಿ ಗಿಡದಲ್ಲಿತ್ತು, ನನ್ನದು ಕಣದಲ್ಲಿತ್ತು.

ರೇಟಿನ ಗೋಜಲೂ ಅಲ್ಲೇ ಬಿಚ್ಚಿಕೊಂಡಿತು. ಹಸಿ ಹಣ್ಣು ಒಣಗಿದರೆ ಅರ್ಧದಷ್ಟೂ ತೂಗುವುದಿಲ್ಲ. 50 ಕೆಜಿ ಒಣ ಚೆರಿಗೆ ನಾನು ಹೇಳಿದ್ದ ರೇಟನ್ನು ಅವನು 50 ಕೆಜಿ ಹಣ್ಣಿಗೆ ಹಿಡಿದಿದ್ದ. ಪಾಪ, ಆದರೂ ಬಂದಿದ್ದ!

ಅಪ್ಪ ಜಗಲಿಯಿಂದ ಎಲ್ಲ ನೋಡುತ್ತಿದ್ದರು. ಎದ್ದು ಬಂದು ಒಂದು ಹಿಡಿ ಚೆರಿ ತೆಗೆದುಕೊಂಡು ಹುಡುಗನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲಗಲ. "ಕೇಳಿಸ್ತಾ ಮಗಾ? ಒಳಗೆ ಬೀಜ ಸಿಪ್ಪೆ ಬಿಟ್ಟು ಆಡ್ತಿದೆ. ಹೀಗೆ ಸದ್ದು ಮಾಡಿದ್ರೆ ಮಾತ್ರ ಚೀಲಕ್ಕೆ." ಆಮೇಲೆ ನಿನ್ನೆ ಮೊನ್ನೆ ಹರಡಿದ ಕಡೆಯಿಂದ ಇನ್ನೊಂದು ಹಿಡಿ ತೆಗೆದು ಅಲ್ಲಾಡಿಸಿದರು. ಸದ್ದೇ ಇಲ್ಲ, ಮೆತ್ತಗೆ ಅಂಟಿಕೊಂಡಿತ್ತು. ಬಿಸಿಲು ಚೆನ್ನಾಗಿ ಬಿದ್ದರೂ ಹತ್ತು ಹನ್ನೆರಡು ದಿನ ಬೇಕು. ದಿನಕ್ಕೆ ನಾಲ್ಕೈದು ಸಲ ಮಗುಚಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಹುಡುಗ ಎರಡೂ ಕೈಯಲ್ಲಿ ಒಂದೊಂದು ಹಿಡಿ ಹಿಡಿದು ಸುಮಾರು ಹೊತ್ತು ಅಲ್ಲಾಡಿಸುತ್ತ ನಿಂತಿದ್ದ. ಅಪ್ಪನಿಗೆ ಇದು ಬಹಳ ಹಿಡಿಸಿತು.

ಊಟದ ಹೊತ್ತಿಗೆ ಮಗಳೂ ಸೇರಿಕೊಂಡಳು. ಅವಳು ಸಸ್ಯಶಾಸ್ತ್ರ ಓದುತ್ತಿದ್ದಾಳೆ, ಕೇಳಬೇಕೇ? ಕಾಫಿ ಹಣ್ಣೂ ಚೆರಿ ಹಣ್ಣೂ ಒಂದೇ ಜಾತಿಯ ಹಣ್ಣಂತೆ, ಮಾವಿನ ಹಾಗೆ ಒಳಗೆ ಓಟೆ ಇರುವಂಥದ್ದು. ಹಾಗಾಗಿ ಹಣ್ಣಿಗೆ ಚೆರಿ ಅನ್ನುವುದು ಅಷ್ಟೇನೂ ತಪ್ಪಲ್ಲ, ಬೆರಿ ಅನ್ನುವುದೇ ತಪ್ಪು. ದ್ರಾಕ್ಷಿ, ಟೊಮೆಟೊ ಬೇಕಾದರೆ ಬೆರಿಯಂತೆ. ಬೀನ್ ಅನ್ನುವುದು ಇನ್ನೂ ತಪ್ಪು, ಬೀನ್ ಅಂದರೆ ಹುರುಳಿ, ಅವರೆ ಕುಟುಂಬದ ಕಾಳು. "ಅಪ್ಪಾ, ನಾವು ಕಾಫಿ ಬೀಜ ಅಂತೀವಲ್ಲ, ಅದೊಂದೇ ಸರಿ" ಅಂದಳು. ಇನ್ನು ಪೀಬೆರಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದರೆ ಅದಕ್ಕೆ ಪೀಬೆರಿ ಅನ್ನುತ್ತಾರೆ. ಅದು ಬಟಾಣಿಯೂ ಅಲ್ಲ, ಬೆರಿಯೂ ಅಲ್ಲ. ಪಾರ್ಚ್‌ಮೆಂಟ್ ಅಂದರೆ ಇಂಗ್ಲಿಷಿನಲ್ಲಿ ಬರೆಯಲು ಹದ ಮಾಡಿದ ಚರ್ಮ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಲವತ್ತು ವರ್ಷದಿಂದ ಆ ಪದ ಬಾಯಲ್ಲಿದೆ.

ಇಷ್ಟಾದರೂ ಹುಡುಗನನ್ನು ಖಾಲಿ ಕ್ರೇಟಿನ ಜೊತೆ ಕಳಿಸುವುದು ಹೇಗೆ? ಕೆಳಗಿನ ಬ್ಲಾಕಿನಲ್ಲಿ ಇನ್ನೂ ಕುಯ್ಲು ಆಗಿರಲಿಲ್ಲ. ಆದರೆ ರೊಬಸ್ಟಾ ಕುಯ್ಯುವಾಗ ನಾವು ಕೊಂಬೆಯಲ್ಲಿದ್ದಷ್ಟನ್ನೂ ಉದುರಿಸುತ್ತೇವೆ, ಹಸಿರು, ಹಳದಿ, ಕೆಂಪು ಎಲ್ಲ ಒಟ್ಟಿಗೆ. ಕೂಲಿ ಕೆಜಿ ಲೆಕ್ಕ. ಕೆಂಪನ್ನು ಮಾತ್ರ ಆರಿಸಿ ಅಂದರೆ ಯಾರು ಒಪ್ಪುತ್ತಾರೆ? ಪಕ್ಕದ ಎಸ್ಟೇಟಿನ ರೈಟರಿಗೆ ಫೋನ್ ಮಾಡಿದೆ. ದಿನಗೂಲಿ ಲೆಕ್ಕದಲ್ಲಿ ನಾಲ್ಕು ಜನರನ್ನು ಕರೆತಂದರು.

"ಇವರು ರೈಟರ್" ಅಂತ ಪರಿಚಯ ಮಾಡಿಸಿದೆ.

ಹುಡುಗ ಕಣ್ಣರಳಿಸಿ ಕೈಕುಲುಕಿದ. "ಓ, ಏನ್ ಬರೀತೀರ ಸರ್?"

"ಹಾಜರಿ."

ನಾನು ನಗು ತಡೆಯಲಾರದೆ ಮೆಣಸಿನ ಬಳ್ಳಿ ನೋಡುವವನ ಹಾಗೆ ಆ ಕಡೆ ತಿರುಗಿದೆ. ತೋಟದ ಆಳುಕಾಳು ನೋಡಿಕೊಂಡು ಲೆಕ್ಕ ಬರೆಯುವವರಿಗೆ ಇಲ್ಲಿ ರೈಟರ್ ಅನ್ನುತ್ತೇವೆ. ಕತೆಗಾರರಿಗಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಗುಮಾಸ್ತರಿಗೆ ಅದೇ ಹೆಸರಿತ್ತು, ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಅವರಿಗೆಂದೇ ಕಟ್ಟಿದ್ದು. ಪೊಲೀಸ್ ಠಾಣೆಯಲ್ಲೂ ಒಬ್ಬರು ರೈಟರ್ ಇರುತ್ತಾರಲ್ಲ.

ನಾಲ್ಕು ಗಂಟೆಗೆ ಆರು ಕ್ರೇಟ್ ತುಂಬಿತು. ಬರೀ ಕೆಂಪು. ನಾನೇ ನಮ್ಮ ತೋಟದ ಹಣ್ಣನ್ನು ಹಾಗೆ ಒಟ್ಟಿಗೆ ನೋಡಿರಲಿಲ್ಲ. ರಾತ್ರಿಯೊಳಗೆ ಕೆಲಸ ಶುರುಮಾಡಬೇಕು, ತಡವಾದರೆ ತಾನಾಗೇ ಹುಳಿ ಬರುತ್ತದೆ ಅಂತ ಅವಸರದಲ್ಲಿ ಹೊರಟ. ಹೊರಡುವಾಗ ಅಪ್ಪ ಒಂದು ಹಿಡಿ ಒಣ ಚೆರಿಯನ್ನು ಅವನ ಅಂಗಿ ಜೇಬಿಗೆ ಹಾಕಿದರು.

ಎರಡು ವಾರ ಬಿಟ್ಟು ಮತ್ತೆ ಫೋನ್ ಮಾಡಿದ.

"ಸರ್, ಸದ್ದು ಮಾಡದ ಚೆರಿ ಇನ್ನೂ ಇದೆಯಾ?"

ಕೆಳಗಿನ ಬ್ಲಾಕಿನಲ್ಲಿ ಎರಡು ಸಾಲು ಉಳಿದಿತ್ತು. ಬಾ ಅಂದೆ.